ಮುನಿಸಾ ಕಚ್ಚಿಟ್ಟ ರೊಟ್ಟಿ

ಒಂದಾನೊಂದು ಊರಿನಲ್ಲಿ ಕಣ್ಣಿಲ್ಲದ ತಾಯಿಯೊಬ್ಬಳಿದ್ದಳು ಎಂದು ಅಜ್ಜಿ ಕಥೆ ಶುರುಮಾಡುತ್ತಿದ್ದಳು. ಹೋದ ಬೇಸಿಗೆಯಲ್ಲಿ ತಾಷ್ಕೆಂಟಿನ ಪತ್ರಿಕೆಯೊಂದಕ್ಕೆ ಇಂಟರ್ನ್‌ಶಿಪ್‌ಗೆಂದು ಹೋದಾಗ ಅಂಥ ತಾಯಿಯ ಮನೆಯಲ್ಲೇ ನನಗೆ ಕೋಣೆ ಸಿಕ್ಕಿತು. ಆ ಕೋಣೆಯ ಗೋಡೆಯ ಮೇಲೆ ದಾರದಲ್ಲಿ ಒಂದು ಒಣರೊಟ್ಟಿ ತೂಗುತ್ತಿತ್ತು.

“ನನ್ನ ಮಗಳು ಮುನಿಸಾದು,” ಎಂದರು ಸನೋಬರಮ್ಮ. “ಮಾಸ್ಕೋಗೆ ದುಡಿಯೋಕೆ ಹೊರಟಾಗ ಒಂದು ತುತ್ತು ಕಚ್ಚಿಟ್ಟು ಹೋದ್ಲು. ನಮ್ಮಲ್ಲಿ ಅದೇ ಪದ್ಧತಿ, ಉಳಿದದ್ದನ್ನ ವಾಪಸ್ ಬಂದು ಅವಳೇ ತಿನ್ಬೇಕು. ಅವಳ ಸುದ್ದಿಯೇ ಇಲ್ಲ. ಆ ರೊಟ್ಟಿ ಮುಗಿದ ದಿನ ನಂಗೆ ಹೇಳ್ತೀಯಾ, ಮಗಳೇ?”

ಹೂಂ ಎಂದು ಮಾತು ಕೊಟ್ಟೆ.

ಪತ್ರಿಕೆಯವರು ನನ್ನಿಂದ ಬರೆಸಲಿಲ್ಲ, ಬರೀ ಚಹಾ ಮಾಡಿಸಿದರು. ಸಂಜೆ ನನ್ನ ಕೋಣೆಯ ಬೀಗ ತೆಗೆದು ಒಳಗೆ ಹೋದರೆ ಆ ರೊಟ್ಟಿಯಲ್ಲಿ ಇನ್ನೊಂದು ಕಚ್ಚು ಇರುತ್ತಿತ್ತು. ಅಂಚು ಒದ್ದೆ, ತಿರುಳು ಬೆಚ್ಚಗೆ. ಆ ಸೆಕೆಯಲ್ಲೂ ರೊಟ್ಟಿಯ ಹಿಂದಿನ ಗೋಡೆ ಮಾತ್ರ ಹಿಮದಂತೆ ಕೊರೆಯುತ್ತಿತ್ತು.

“ಇಲಿ ಕಣೇ, ಪತ್ರಕರ್ತೆ,” ಎಂದು ಪಕ್ಕದ ಮನೆಯ ಅದೀಬಾ ನಕ್ಕಳು.

“ಇಲಿಗೆ ಮನುಷ್ಯರ ಹಲ್ಲು ಎಲ್ಲಿಂದ ಬಂತಕ್ಕ?”

ಅವಳು ಹತ್ತಿರ ಹೋಗಿ ನೋಡಿದಳು. ಮತ್ತೆ ನಗಲಿಲ್ಲ.

ನಾನು ಊರಿಗೆ ಹೊರಡುವ ಬೆಳಿಗ್ಗೆ ದಾರ ಬರಿದಾಗಿತ್ತು. ಮನೆಗೆ ಯಾರೂ ಬಂದಿರಲಿಲ್ಲ.

“ಮುಗೀತಮ್ಮ,” ಎಂದೆ.

ಸನೋಬರಮ್ಮ ಬರಿದಾದ ದಾರವನ್ನು ತಡವಿ ನೋಡಿದರು.

“ತಿಂದಾಯ್ತು ಅಂದ್ರೆ ಬಂದಾಯ್ತು,” ಎಂದರು. “ಹೋಗ್ತಾ ಬೀದಿಬಾಗಿಲು ಹಾಕ್ಕೊಂಡು ಹೋಗು. ಇನ್ಯಾರೂ ಬರೋದಿಲ್ಲ.”