ಬಿಸಿಲು ಕಂಡ ಬಿಯರು

ಬಿಯರ್ ವಿತರಕರ ಸಂಘದ ಅಧ್ಯಕ್ಷರು ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಗೆ ಬಂದು ದೂರು ಕೊಟ್ಟರು. ಹಿಂದಿನ ಸಂಜೆ ಸಂಘದ ಭವನದಲ್ಲಿ ಮಂತ್ರಿಗಳಿಗೂ ಶಾಸಕರಿಗೂ ಔತಣವಿತ್ತು. ಮೊದಲ ಗುಟುಕಿಗೇ ಬಿಯರು ಗಬ್ಬುನಾತ ಹೊಡೆದು, ಮಂತ್ರಿಗಳು ಮೂಗು ಮುಚ್ಚಿಕೊಂಡು ಎದ್ದು ಹೋಗಿದ್ದರು.

"ವಿಷ ಹಾಕಿದ್ದಾರೆ. ಬಾರ್ ನೋಡ್ಕೊಳ್ಳೋನದ್ದೇ ಕೆಲಸ. ಅವನನ್ನ ಒಳಗೆ ಹಾಕಿ. ಮೇಲಿಂದ ಫೋನ್ ಬರುತ್ತೆ."

ಫೋನ್ ಬಂದೇ ಬಂತು. ಸಂಘದ ಕೈ ಅಷ್ಟು ಉದ್ದ. ಅದರ ಔತಣ ಉಂಡವರು ಸಂಘಕ್ಕೆ ಬೇಡದ ಕಾನೂನನ್ನು ಉಳಿಸಿದ್ದಿಲ್ಲ. ಈ ಸಲ ಬೇಡವಾಗಿದ್ದದ್ದು, ಲಾರಿ ಚಾಲಕರಿಗೆ ದಿನಕ್ಕೆ ಇಷ್ಟು ಹೊತ್ತು ನಿದ್ದೆಗೆ ಬಿಡಲೇಬೇಕೆಂಬ ನಿಯಮ. ಅದನ್ನು ರದ್ದು ಮಾಡುವ ಮಸೂದೆಗೆ ಮಂತ್ರಿಗಳನ್ನು ಒಪ್ಪಿಸಲೆಂದೇ ಆ ಔತಣ.

ಇನ್‌ಸ್ಪೆಕ್ಟರ್ ಮೇಡಂ ಎಫ್‌ಐಆರ್ ದಾಖಲಿಸಿ, ಬಾರ್‌ನವನನ್ನು ಕರೆಸಿ ಬೆಂಚಿನ ಮೇಲೆ ಕೂರಿಸಿದರು.

"ಬಾಟ್ಲಿ ಇಟ್ಟಿದ್ದು ಯಾರು?"

"ನಾನೇ ಮೇಡಂ. ನಿನ್ನೆ ಬೆಳಿಗ್ಗೆ ಕ್ರೇಟ್ ಸಮೇತ ಕೋಲ್ಡ್ ರೂಮಿಗೆ ತಳ್ಳಿದ್ದೆ."

"ಸಂಜೆ?"

"ನೀಟಾಗಿ ಹಲಗೆ ಮೇಲೆ ಜೋಡ್ಸಿತ್ತು. ಯಾರೋ ಪುಣ್ಯಾತ್ಮರು ನನ್ನ ಕೆಲಸ ಮಾಡಿಕೊಟ್ರಲ್ಲ ಅಂತ ಕೈ ಮುಗಿದೆ. ಮುಗಿದ ಕೈಗೇ ಬೇಡಿ ಬೀಳೋ ಹಾಗಾಯ್ತು."

ಕೋಲ್ಡ್ ರೂಮಿನಲ್ಲಿ ಪಂಚನಾಮೆ ನಡೆಯಿತು. ಉಳಿದಿದ್ದ ಬಾಟಲಿಗಳ ಲೇಬಲ್ಲೆಲ್ಲ ಬಾಗಿಲ ಕಡೆಗೇ ಮುಖ ಮಾಡಿದ್ದವು. ಹಳೆಯ ತಾರೀಕಿನವು ಮುಂದೆ, ಹೊಸವು ಹಿಂದೆ.

"ನಮ್ಮನೇಲಿ ಮದುವೆ ಫೋಟೋನೂ ಇಷ್ಟು ನೆಟ್ಟಗಿಲ್ಲ ಮೇಡಂ," ಎಂದ ಕಾನ್‌ಸ್ಟೇಬಲ್. ಠಾಣೆಯಲ್ಲಿ ಎಲ್ಲರೂ ಅವನನ್ನು ಮೀಸೆ ಎಂದೇ ಕರೆಯುತ್ತಿದ್ದರು.

ಭವನದ ತಾರಸಿಯ ಧೂಳಿನಲ್ಲಿ ಕ್ರೇಟುಗಳನ್ನಿಟ್ಟ ಚೌಕಾಕಾರದ ಗುರುತುಗಳಿದ್ದವು. ಮೇಲಿನ ಫೋನಿನ ಬಿಸಿಗೆ ಪ್ರಯೋಗಾಲಯದವರು ಎರಡೇ ತಾಸಿನಲ್ಲಿ ಪರೀಕ್ಷಿಸಿ ವಿಷವಿಲ್ಲವೆಂದರು. ಬಿಳಿ ಗಾಜಿನ ಬಾಟಲಿಯ ಬಿಯರನ್ನು ಬಿಸಿಲಿಗಿಟ್ಟರೆ ಹೀಗೇ ನಾರುತ್ತದಂತೆ.

ಭವನದ ಬೀಗದ ಕೈ ಇದ್ದದ್ದು ಸಂಘದ ಕಾರ್ಯದರ್ಶಿಯ ಬಳಿ. ಲಾರಿ ಕ್ಲೀನರ್ ಆಗಿ ಸೇರಿ, ಆ ಕುರ್ಚಿಯವರೆಗೆ ಬಂದವರು. ಹೇಳಿಕೆ ಕೊಡಲು ಠಾಣೆಗೆ ಬಂದು ಕುಳಿತವರು, ಮಾತಾಡುತ್ತಲೇ ಮೇಜಿನ ಮೇಲಿದ್ದ ನೀರಿನ ಬಾಟಲಿಯನ್ನು ತಿರುಗಿಸಿ, ಅದರ ಲೇಬಲ್ಲು ಇನ್‌ಸ್ಪೆಕ್ಟರಿಗೆ ಕಾಣುವಂತೆ ಇಟ್ಟರು. ಮೀಸೆ ಅದನ್ನು ಬೇಕೆಂದೇ ಓರೆ ಮಾಡಿದ. ಕಾರ್ಯದರ್ಶಿಯ ಬೆರಳು ಮತ್ತೆ ನೆಟ್ಟಗೆ ಮಾಡಿತು.

"ಬಿಸಿಲಲ್ಲಿ ಎಷ್ಟು ಹೊತ್ತು ಇಟ್ಟಿದ್ರಿ ಸರ್?" ಇನ್‌ಸ್ಪೆಕ್ಟರ್ ಮೆಲ್ಲಗೆ ಕೇಳಿದರು.

ಅವರು ಬಾಟಲಿ ನೋಡಿದರು, ಬೆಂಚಿನ ಮೇಲಿದ್ದವನನ್ನು ನೋಡಿದರು.

"ಅವನನ್ನ ಬಿಟ್ಬಿಡಿ. ಅವನ ತಲೆಗೆ ಬರುತ್ತೆ ಅಂತ ನಂಗೆ ಹೊಳೀಲೇ ಇಲ್ಲ. ಕೆಲಸದವರನ್ನೆಲ್ಲ ಊಟಕ್ಕೆ ಕಳಿಸಿ ನಾನೇ ತಾರಸಿಗೆ ಹೊತ್ತು ಹಾಕಿದೆ, ನಾನೇ ಇಳಿಸಿದೆ."

"ಕೆಡಿಸಿದ ಮಾಲನ್ನ ಯಾರಾದ್ರೂ ಜೋಡಿಸಿಡ್ತಾರಾ?"

"ಕೈ ಕೇಳ್ಲಿಲ್ಲ ಮೇಡಂ. ಹೆಸರು ಗಿರಾಕಿ ಕಡೆಗಿರ್ಬೇಕು, ಹಳೇದು ಮುಂದಿರ್ಬೇಕು. ಡ್ರೈವರಣ್ಣ ಕಲಿಸಿದ್ದು."

"ಯಾವ ಡ್ರೈವರಣ್ಣ?"

"ನಾನು ಕ್ಲೀನರ್ ಆಗಿದ್ದಾಗ ಜ್ವರದಲ್ಲಿ ಎಚ್ಚರ ತಪ್ಪಿದ್ದೆ. ಮಾಲು ತುಂಬಿದ ಲಾರಿನ ರಸ್ತೇಲೇ ಬಿಟ್ಟು, ಬೆನ್ನ ಮೇಲೆ ಹೊತ್ಕೊಂಡು ಆಸ್ಪತ್ರೆಗೆ ಓಡಿದ್ದ. ನಾನು ಬದುಕಿರೋದೇ ಅವನಿಂದ. ಆಮೇಲೊಂದ್ಸಲ ನಿದ್ದೆ ಕೊಡದೆ ಅವನನ್ನ ಓಡಿಸಿದ್ರು. ಸ್ಟೇರಿಂಗ್ ಹಿಡ್ಕೊಂಡೇ ಕಣ್ಣು ಮುಚ್ಚಿದ, ಮತ್ತೆ ತೆರೀಲಿಲ್ಲ. ಆ ರೂಲ್ ಬಂದಿದ್ದು ಅದಾದ್ಮೇಲೆ. ತೆಗೆಸಬೇಡಿ ಅಂತ ಅಧ್ಯಕ್ಷರ ಕಾಲು ಹಿಡಿದೆ. ನಕ್ಕುಬಿಟ್ರು."

ದಸ್ತಗಿರಿ ದಾಖಲಾಯಿತು. ಬಿಡುಗಡೆಯಾದ ಬಾರ್‌ನವನು ನೇರವಾಗಿ ಹೋಗಿ ಚಹಾ ತಂದು, ಮೊದಲ ಲೋಟವನ್ನು ಕಾರ್ಯದರ್ಶಿಯ ಕೈಗಿಟ್ಟ.

"ಸಿಗಿಸಿದ್ದೂ ನೀವೇ, ಬಿಡಿಸಿದ್ದೂ ನೀವೇ. ಸುಮ್ನಿದ್ದಿದ್ರೆ ನಾನು ಒಳಗೆ ಕೊಳೀತಿದ್ದೆ. ನನ್ನ ತಮ್ಮನೂ ಲಾರಿ ಓಡಿಸ್ತಾನೆ ಸಾರ್."

ಮುನಿಸಿಕೊಂಡ ಮಂತ್ರಿಗಳು ಮಸೂದೆಯನ್ನು ಮುಂದಕ್ಕೆ ಹಾಕಿದ ಸುದ್ದಿ ಮಧ್ಯಾಹ್ನ ಬಂತು. ಎಷ್ಟು ದಿನಕ್ಕೋ ಯಾರಿಗೂ ಗೊತ್ತಿರಲಿಲ್ಲ. ಆ ಸಂಜೆಯ ಲಾರಿಗಳೇನೋ ಚಾಲಕರ ನಿದ್ದೆ ಮುಗಿದ ಮೇಲೆಯೇ ಹೊರಟವು.

ಕೇಸ್ ಡೈರಿಯಲ್ಲಿ ಕೃತ್ಯದ ಕಾರಣ ಎಂಬಲ್ಲಿ ಇನ್‌ಸ್ಪೆಕ್ಟರ್ ಒಂದೇ ಪದ ಬರೆದರು: ಋಣ.

ಮೀಸೆ ಇಣುಕಿ ನೋಡಿದ. "ಎಷ್ಟು ಬಾಕಿ ಇತ್ತಂತೆ ಮೇಡಂ?"

"ಒಂದು ಜೀವ ಕಣ್ರೀ," ಎಂದು ಅವರು ಸಹಿ ಹಾಕಿದರು.