ಜಾಕೀಟಿನ ಹೊಟ್ಟೆ

ದೇವಿಕೊಪ್ಪದ ಹತ್ತಿರದ ಕೆರೆಯಲ್ಲಿ ಹದಿನೆಂಟು ವರ್ಷ ಹುಟ್ಟು ಹಾಕಿದ ಹೊಳೆಯಪ್ಪನನ್ನು ದಂಡೆಗೆ ತಂದು ಕೂರಿಸಿದವನು ಅವನ ಜೀವದ ಗೆಳೆಯ ತಿರಕಪ್ಪನೇ. ಈ ತಿರಕಪ್ಪ ಕೆರೆ-ಹೊಳೆ ಕಾಣದ ಕುಬಿಹಾಳದ ಎರಿ ಹೊಲದ ಸೀಮೆಯಿಂದ ಮನೆ ಅಳಿಯನಾಗಿ ಬಂದವನು, ಮೊಣಕಾಲುದ್ದ ನೀರು ಕಂಡರೂ ಬೆವರುತ್ತಿದ್ದವನು. ಅವನ ಕೈಗೆ ಹುಟ್ಟು ಕೊಟ್ಟು ಕಲಿಸಿದವನು ಹೊಳೆಯಪ್ಪ. ಅವನ ಮದುವೆಗೆ ಹೊದೆಯಲು ಹಳೆ ಸೀರೆ ಪದರಗಳ ಕೌದಿ ಹೊಲಿದು ಕೊಟ್ಟವಳು ಹೊಳೆಯಪ್ಪನ ತಾಯಿ ಮಲ್ಲಕ್ಕ. ಅಂಥವನು, 'ಹೊಳೆಯಪ್ಪ ಕುಡಿದು ದೋಣಿ ನಡೆಸುತ್ತಾನೆ' ಎಂದು ಮಂದಿಯ ಹೆಬ್ಬೆಟ್ಟು ಒತ್ತಿಸಿ ಮಂಡಲ ಪಂಚಾಯತಿಗೆ ಅರ್ಜಿ ಕೊಟ್ಟ. ದೋಣಿ ತಿರಕಪ್ಪನದಾಯಿತು. ಹೊಳೆಯಪ್ಪ ಜನ್ಮದಲ್ಲಿ ಸೆರೆ ಮುಟ್ಟಿದವನಲ್ಲ. ಉಂಡ ಮನೆಯ ಜಂತೆ ಎಣಿಸುವುದೆಂದರೆ ಇದೇ. ದೋಣಿ ಹೋದದ್ದಕ್ಕಿಂತ, ಅರ್ಜಿ ಬರೆಸಿದ ದಿನವೂ ಅವನು ತನ್ನ ಬಾಜು ಕುಳಿತು ರೊಟ್ಟಿ ಮುರಿದಿದ್ದನಲ್ಲ, ಅದು ಹೊಳೆಯಪ್ಪನ ಎದೆ ಸುಡುತ್ತಿತ್ತು. ಹೊರಗೆ ಮಾತ್ರ ಗೆಳೆತನ ಮೊದಲಿನಂತೆಯೇ ನಡೆಸಿದ.

ಆ ವರ್ಷ ಎಲ್ಲಿಯೋ ದೋಣಿ ಮಗುಚಿ, ಲೈಫ್ ಜಾಕೀಟು ಇಲ್ಲದೆ ದೋಣಿ ನೀರಿಗಿಳಿಯಬಾರದೆಂದು ಹುಕುಂ ಬಂತು. ಆರಿಸಿ ತರಲು ಹೊಳೆಯಪ್ಪನೇ ಹುಬ್ಬಳ್ಳಿಗೆ ಹೋಗಲಿ ಎಂದವನು ತಿರಕಪ್ಪ.

"ನೀರಿನ ಗುಣ ನಿನಗ ಗೊತ್ತದ. ನೀನ ಆರಿಸಲೇ" ಎಂದ.

ಹೊಳೆಯಪ್ಪ ಆರಿಸಿದ. ಗಾಳಿ ತುಂಬುವ ರಬ್ಬರಿನದನ್ನು ಬಿಟ್ಟ. ತೂತು ಮಾಡಿದರೆ ಯಾರ ಕಣ್ಣಿಗಾದರೂ ಬಿದ್ದೀತು. ಬೆಂಡಿನ ಹಲಗೆ ಜೋಡಿಸಿದ್ದರೊಳಗೆ ಕೈಚಳಕಕ್ಕೆ ಜಾಗವಿಲ್ಲ, ಅದು ತನಗಿರಲಿ ಎಂದುಕೊಂಡ. ಮೂರನೆಯದು ಕೇಸರಿ ಬಣ್ಣದ ದಪ್ಪ ಬಟ್ಟೆಯದು, ಒಳಗೆ ನೀರು ಹೀರದ ಬೂರಲದ ಅರಳೆ, ಬದಿಗೆ ಸಾದಾ ಕೈಹೊಲಿಗೆ.

"ಯಾರಿಗ್ರಿ ಇದು?" ಎಂದು ಅಂಗಡಿಯ ಜಹೀರುದ್ದೀನ ಕೇಳಿದ.

"ನನ್ನ ಗೆಳೆಯಾಗ್ರಿ. ಈಜು ಬರೂದಿಲ್ಲ ಅವಂಗ."

"ಹಂಗಾರ ಅಗದಿ ಛಲೋದು ಆರಿಸೀರಿ."

ಮರುದಿನ ಊರವರ ಎದುರಿಗೇ ಅದಕ್ಕೆ ಕಲ್ಲು ಕಟ್ಟಿ ಕೆರೆಗೆ ಒಗೆದ. ಜಾಕೀಟು ಹಾಯಾಗಿ ತೇಲಿತು, ಮಂದಿ ಚಪ್ಪಾಳೆ ತಟ್ಟಿದರು, ತಿರಕಪ್ಪನ ಮುಖ ಅರಳಿತು. ಒಣಗಿಸಿ ಕೊಡುತ್ತೇನೆಂದು ಹೊಳೆಯಪ್ಪ ಅದನ್ನು ಮನೆಗೆ ಒಯ್ದ.

ಹೆಂಡತಿ ಕಳೆ ತೆಗೆಯಲು ಹೋದ ಮಧ್ಯಾಹ್ನ ಜೋಳದ ಚೀಲಕ್ಕೆ ಒರಗಿ ಕುಳಿತು ಹೊಲಿಗೆ ಬಿಚ್ಚಿದ. ಬೂರಲದ ಅರಳೆ ಒಲೆಗೆ ಹೋಯಿತು. ಅದರ ಜಾಗದಲ್ಲಿ ಹೊಲದ ಹತ್ತಿ ತುಂಬಿದ. ಹಿಡಿ ಹತ್ತಿಯನ್ನು ಕೊಡದಲ್ಲಿ ಹಾಕಿ ಮೊದಲೇ ನೋಡಿದ್ದ: ಅರವತ್ತು ಎಣಿಸುವಷ್ಟರಲ್ಲಿ ನೀರು ಕುಡಿದು ತಳ ಸೇರುತ್ತದೆ. ಆಮೇಲೆ ಹೊಲಿದ. ಸಣ್ಣವನಿದ್ದಾಗ ತಾಯಿಯ ಜೊತೆ ನೂರಾರು ಕೌದಿ ಹೊಲಿದ ಕೈ ಅದು. ಇವನ ಮನಸ್ಸು ಕೆರೆಯ ನಡುವಿನಲ್ಲಿ, ತಿರಕಪ್ಪನ ಕೊರಳ ಮಟ್ಟದ ನೀರಿನಲ್ಲಿ ಇತ್ತು. ಕೈ ತನ್ನ ಪಾಡಿಗೆ ತಾಯಿ ಕಲಿಸಿದಂತೆ ನಡೆದು ಮೂಲೆ ಮುಚ್ಚಿತು. ಹೊಸ ಹೊಲಿಗೆ ಯಾವುದು, ಹಳೆಯದು ಯಾವುದು ಎಂದು ಅವನಿಗೇ ಗುರುತು ಸಿಗಲಿಲ್ಲ.

ಸೋಮವಾರ ಗಾಳಿ ಇತ್ತು. ಹುಟ್ಟಿನ ಕಟ್ಟು ಸಡಿಲಾಗಿದೆ, ನೋಡೋಣ ಬಾ ಎಂದು ಹೊಳೆಯಪ್ಪ ತಿರಕಪ್ಪನನ್ನು ಕರೆದು ದೋಣಿ ಹತ್ತಿದ. ತಾನೇ ಗೆಳೆಯನ ಜಾಕೀಟಿನ ಪಟ್ಟಿ ಕಟ್ಟಿದ.

"ಬಿಗಿ ಆತೇನಲೇ?"

"ಬರೋಬ್ಬರಿ ಐತಿ. ನೀ ಬಾಜು ಇದ್ದರ ನನಗ ಅಂಜಿಕಿ ಇಲ್ಲೋ."

ಹೊಳೆಯಪ್ಪ ಪಟ್ಟಿಯ ಗಂಟನ್ನು ಇನ್ನೊಮ್ಮೆ ಬಿಗಿದ. ಅರ್ಜಿ ಕೊಟ್ಟವನೂ ಇದೇ ಬಾಯಿಯವನು ಎಂದು ನೆನೆದು ಗಟ್ಟಿಯಾದ. ನಡುನೀರಿನಲ್ಲಿ ತಿರಕಪ್ಪನನ್ನು ತನ್ನ ಮಗ್ಗುಲಿಗೇ ಕರೆದು ಭಾರ ಹಾಕಿದ, ದೋಣಿ ಮಗುಚಿತು. ತಿರಕಪ್ಪ ಸ್ವಲ್ಪ ಹೊತ್ತು ತೇಲಿದ, ಹೊಳೆಯಪ್ಪನ ಕಡೆ ಕೈ ಚಾಚಿದ, ಆಮೇಲೆ ಇಳಿದ. ದಂಡೆಯವರಿಗೆ ಕೇಳುವಂತೆ ಹೊಳೆಯಪ್ಪ ಬಾಯಿ ಬಡಿದುಕೊಂಡ. ಹೆಣ ಸಿಕ್ಕಿತು, ಪಂಚನಾಮೆ ಆಯಿತು. ಒಂದು ಸಲ ತೇಲಿ ಆಮೇಲೆ ನೀರು ಕುಡಿಯುವ ಎಂಥದ್ದೋ ಅರಳೆ ಒಳಗೆ ಹಾಕಿ ಅಂಗಡಿಯವನೇ ಮೋಸ ಮಾಡಿದ್ದಾನೆಂದು ಹವಾಲ್ದಾರ ಬಸಣ್ಣ ಬೈದ. ಹೊಳೆಯಪ್ಪ ಕಣ್ಣೊರೆಸಿಕೊಂಡ. ದೋಣಿ ಮತ್ತೆ ಅವನಿಗೇ ಎಂದು ಪಂಚಾಯತಿಯವರು ಮಾತಾಡಿದರು.

ಆರನೆಯ ದಿನ ತಿರಕಪ್ಪನ ಹೆಂಡತಿ ದುಂಡವ್ವ ಹೆಬ್ಬೆಟ್ಟು ಒತ್ತಲು ಠಾಣೆಗೆ ಬಂದಳು, ಜೊತೆಗೆ ಹೊಳೆಯಪ್ಪ. ಜಡಿಮಳೆಗೆ ಒಣಗದ ಜಾಕೀಟು ಪಡಸಾಲೆಯ ಗೂಟಕ್ಕೆ ಹಾಗೇ ತೂಗುತ್ತಿತ್ತು. ಅದರ ಮೂಲೆಯ ಹೊಲಿಗೆಯ ಸಂದಿಯಿಂದ ಐದು ಹಸಿರು ಮೊಳಕೆ ಹೊರಗೆ ಬಂದಿದ್ದವು. ದುಂಡವ್ವ ಒಂದನ್ನು ಮೆಲ್ಲಗೆ ಎಳೆದಳು. ತುದಿಯಲ್ಲಿ ಜೋಳದ ಕಾಳು. ಅದನ್ನು ಅಂಗೈಯಲ್ಲಿಟ್ಟು ಬಸಣ್ಣನ ಮುಂದೆ ಹಿಡಿದಳು. "ಹವಾಲ್ದಾರರ, ಕೌದಿ ಹೊಟ್ಟಿ ಹಸದಿರಬಾರದಂತ ಎಲ್ಲಾರೂ ಒಳಗ ರೊಟ್ಟಿ ಚೂರು ಇಟ್ಟು ಹೊಲೀತಾರ್ರಿ. ಕಡೀ ಮೂಲ್ಯಾಗ ಐದು ಜ್ವಾಳದ ಕಾಳು ಇಡಾಕಿ ಅಂದರ ಮಲ್ಲಕ್ಕ ಒಬ್ಬಾಕಿನ. ನನ್ನ ಮದವೀ ಕೌದ್ಯಾಗೂ ಅದಾವು. ಆಕಿ ಸತ್ತು ಆರು ವರ್ಷ ಆತು" ಎಂದಳು. ಆಮೇಲೆ ತಿರುಗಿ, "ಆಕಿ ಕಡೆ ಹೊಲಿಗಿ ಕಲತಾಂವ ನೀ ಒಬ್ಬನ ಅಲ್ಲೇನೋ, ಹೊಳ್ಯಾ?" ಎಂದಳು. ಹೊಳೆಯಪ್ಪ ತನ್ನ ಕೈ ನೋಡಿಕೊಂಡ. ಆ ಕಾಳುಗಳನ್ನು ಯಾವಾಗ ಇಟ್ಟನೆಂದು ಅವನಿಗೆ ಎಷ್ಟು ನೆನೆದರೂ ನೆನಪಾಗಲಿಲ್ಲ.