ಕರಿಬೇವಿನ ಗಿಡದ ಐದು ಕೋಶಗಳು

“ಕಂಪಾಸ್ ಬಾಕ್ಸ್ ತೆಗಿ,” ಎಂದಳು ಹುಸ್ನಾ.

“ಎಂತಕ್ಕೆ?”

“ತೆಗಿ ಅಂದ್ರೆ ತೆಗಿ. ಮುಳ್ಳು ನೋಡ್ಬೇಕು.”

ಪಕ್ಕದ ಮನೆಯ ಅಭಿಜ್ಞಾ ಬಾಕ್ಸ್ ತೆರೆದಳು. ಹುಸ್ನಾ ಕಂಪಾಸನ್ನು ಬೆಳಕಿಗೆ ಹಿಡಿದಳು. ಅದರ ಮುಳ್ಳು ಎಷ್ಟು ಚೂಪಾಗಿತ್ತೆಂದರೆ ಆನೆಗೂ ಕಿವಿ ಚುಚ್ಚಬಹುದಿತ್ತು.

“ಇಷ್ಟು ಚೂಪು ಎಂತಕ್ಕೆ ಇಟ್ಕೊಂಡಿದ್ದೀಯ?”

“ಮೊಂಡು ಮುಳ್ಳಿನ ಕಂಪಾಸ್ ಎಲ್ಲಿ ಸಿಗ್ತದೆ ಮಾರಾಯ್ತಿ?”

ಸಂಗತಿ ಭಯಂಕರವಾಗಿತ್ತು. ಶಿರಸಿಯ ಆ ಎರಡು ಬಾಡಿಗೆ ಮನೆಗಳ ನಡುವೆ ಒಂದು ಕರಿಬೇವಿನ ಗಿಡ. ಅದರಲ್ಲಿ ಐದು ಕೋಶಗಳು. ಹುಳಗಳು ಚಿಟ್ಟೆಯಾಗುವ ಮೊದಲು ಸೊಂಟಕ್ಕೊಂದು ದಾರ ಬಿಗಿದುಕೊಂಡು, ಕಡ್ಡಿಗೆ ಒರಗಿ ಮಲಗಿದ್ದವು. ಅವನ್ನು ಗುರುತಿಸಿದವಳು ಐದನೇ ಕ್ಲಾಸಿನ ಹುಸ್ನಾ. ಹೊರಗಿನಿಂದ ನೋಡಿಯೇ ಒಳಗೇನಿದೆ ಎಂದು ಹೇಳುವವರು ಮೂರು ತಾಲೂಕಿನಲ್ಲಿ ಅವಳೊಬ್ಬಳೇ. ಹಾಗೆಂದು ಅವಳೇ ನೂರು ಜನರಿಗೆ ಹೇಳಿದ್ದಳು.

‘ಸೋಮವಾರ ಚಿಟ್ಟೆ ಬರ್ತದೆ’ ಎಂದು ಇಡೀ ಕ್ಲಾಸಿಗೆ ಸಾರಿಯೂ ಆಗಿತ್ತು. ಸೋಮವಾರ ಸಂಜೆಯಾದರೂ ಚಿಟ್ಟೆ ಬರಲಿಲ್ಲ. ಎರಡು ಕೋಶಗಳ ಹೊಟ್ಟೆಯಲ್ಲಿ ಉರುಟು ತೂತು ಕಂಡಿತು.

“ನಿನ್ನೆ ಗಿಡದ ಹತ್ರ ಬಂದವಳು ನೀನೊಬ್ಬಳೇ. ಕ್ಲಾಸಲ್ಲಿ ನಾನು ಸುಳ್ಳುಬುರುಕಿ ಆಗ್ಲಿ ಅಂತ ಚುಚ್ಚಿದ್ದೀಯ.”

“ಆಯಿ ಒಗ್ಗರಣೆಗೆ ಕರಿಬೇವು ತಗಂಬಾ ಅಂದ್ಳು, ಬಂದೆ. ನಾನು ಚುಚ್ಚಲಿಲ್ಲ.”

“ನಿನ್ನ ಮೂಗೇ ಹೇಳ್ತದೆ. ಕೆಂಪಾಗಿದೆ ನೋಡು.”

“ಶೀತ ಆಗಿದೆ.” ಅಭಿಜ್ಞಾ ಕಂಪಾಸ್ ಕಿತ್ತುಕೊಂಡಳು. “ನಾಳೆಯಿಂದ ಶಾಲೆಗೆ ನಾನೊಬ್ಬಳೇ ಹೋಗ್ತೆ. ನೀನು ನಿನ್ನ ಹುಳದ ಜೊತೆ ಹೋಗು.”

ಒಂದನೇ ಕ್ಲಾಸಿನಿಂದ ಇಬ್ಬರೂ ಜೊತೆಯಾಗಿಯೇ ಹೋಗುತ್ತಿದ್ದರು. ಅಭಿಜ್ಞಾ ಮನೆಯೊಳಗೆ ಹೋಗಿ ಧಡಾರನೆ ಬಾಗಿಲು ಹಾಕಿಕೊಂಡಳು. ಆ ಸದ್ದು ಬಸ್‌ಸ್ಟ್ಯಾಂಡಿನವರೆಗೂ ಕೇಳಿರಬೇಕು. ಹುಸ್ನಾ ಸಾಕ್ಷಿಗೆಂದು ತೂತು ಬಿದ್ದ ಒಂದು ಕೋಶವನ್ನು ಕಡ್ಡಿಸಮೇತ ಮುರಿದು ಅಮ್ಮಿಯ ಬಳಿ ಓಡಿದಳು.

ಅಮ್ಮಿ ನಜೀಮಾ ಬೈಕಿನ ಸೀಟ್ ಕವರ್ ಹೊಲಿಯುತ್ತಿದ್ದಳು. ಕೋಶವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ರೆಕ್ಸಿನ್ ತುಂಡೊಂದಕ್ಕೆ ದಬ್ಬಣ ಚುಚ್ಚಿ ಪಕ್ಕದಲ್ಲಿಟ್ಟಳು.

“ಹೊರಗಿಂದ ಚುಚ್ಚಿದ್ರೆ ಅಂಚು ಹೀಗೆ ಒಳಗೆ ತಗ್ಗಾಗ್ತದೆ. ನಿಂದ್ರಲ್ಲಿ ತಗ್ಗೇ ಇಲ್ಲ. ಇದು ಒಳಗಿಂದ ಕೊರೆದಿದ್ದು.”

“ಒಳಗಿಂದ ಯಾರು?”

“ನಂಗೇನು ಗೊತ್ತು? ಹೋಗಿ ಕೂತು ನೋಡು.”

ಹುಸ್ನಾ ಗಿಡದ ಬುಡದಲ್ಲಿ ಕೂತಳು. ಎರಡು ವರ್ಷ ಕಾದಳು. ಗಡಿಯಾರ ಮಾತ್ರ ಇಪ್ಪತ್ತೇ ನಿಮಿಷ ಎಂದಿತು. ಮೂರನೇ ಕೋಶದಲ್ಲಿ ಸೂಜಿಮೊನೆಯಷ್ಟು ತೂತು ಕಾಣಿಸಿತು. ಅದು ಮೆಲ್ಲಗೆ ದೊಡ್ಡದಾಯಿತು. ಎಳ್ಳಿಗಿಂತ ಸಣ್ಣ ಕಣಜದ ಹುಳವೊಂದು ತಲೆ ಹೊರಗೆ ಹಾಕಿತು. ಅದರ ಹಿಂದೆ ಇನ್ನೊಂದು.

ಹುಸ್ನಾ ಪಕ್ಕದ ಮನೆಯ ಬಾಗಿಲಿಗೆ ಓಡಿದಳು. “ಅಭಿ, ಒಂದ್ಸಲ ಬಾ. ಒಂದೇ ಸಲ.”

ಅಭಿಜ್ಞಾ ಬಂದಳು. ಗಿಡದ ಪಕ್ಕದ ಕಲ್ಲಿನ ಮೇಲೆ ಕೂತು ನೋಡಿದಳು. ಐದನೆಯ ಕಣಜ ಹೊರಬಂದ ಮೇಲೆ ಕೇಳಿದಳು, “ಚಿಟ್ಟೆ ಎಲ್ಲಿ?”

“ಇವು ತಿಂದುಬಿಟ್ಟಿವೆ. ಒಳಗೇ ಇದ್ವು. ನಂಗೆ ಗೊತ್ತಾಗ್ಲೇ ಇಲ್ಲ.”

ಅಭಿಜ್ಞಾ ಬಗ್ಗಿ ತೂತಿನೊಳಗೆ ನೋಡಿದಳು. ಹುಸ್ನಾ ಅವಳ ಮುಖವನ್ನು ಈ ಕಡೆಯಿಂದ ನೋಡಿದಳು, ಆ ಕಡೆಯಿಂದ ನೋಡಿದಳು. ಒಳಗೇನಿದೆ ಎಂದು ಹೇಳಲು ಬರಲಿಲ್ಲ. ಅದಕ್ಕೇ ಕೇಳಿದಳು.

“ಸಿಟ್ಟು ಇದೆಯಾ?”

“ಇದೆ,” ಎನ್ನುತ್ತ ಅಭಿಜ್ಞಾ ಕಲ್ಲಿನ ಮೇಲೆ ಸ್ವಲ್ಪ ಸರಿದು ಜಾಗ ಬಿಟ್ಟಳು.

ಹುಸ್ನಾ ಆ ಜಾಗದಲ್ಲಿ ಸುಮ್ಮನೆ ಕೂತಳು.